ನೆತ್ತರಿಗೆ ಜಾತಿ ಕಟ್ಟಿದವರು ಲೆಕ್ಕ ಕೊಡಲಿ



ಹಾಡಿಗೆ ಜೀಪು ಬಂತು. ಬಿಳಿ ಕೋಟಿನವರು ಇಳಿದರು. ಬೆರಳು ಚುಚ್ಚಿ ರಕ್ತ ತಗೊಂಡರು. ಕೆಲವು ದಿನ ಬಿಟ್ಟು ಮನೆಮನೆಗೆ ಕಾರ್ಡು ಬಂತು. "ಮದುವೆಗೆ ಮುಂಚೆ ಗಂಡಿನ ಕಾರ್ಡು ಹೆಣ್ಣಿನ ಕಾರ್ಡು ಕೂಡಿಸಿ ನೋಡಿ" ಎಂದು ಹೇಳಿ ಜೀಪು ಹತ್ತಿದರು. ಹೀಗೆ ಕಾರ್ಡು ಬಂದಿದ್ದ ಒಂದು ಹಾಡಿಯಲ್ಲಿ ನಾವು ಹೋಗಿ ಕೂತಿದ್ದೆವು. ಒಬ್ಬ ತಾಯಿ ಮಗಳ ಕಾರ್ಡನ್ನು ರಾಗಿ ಮಡಕೆಯೊಳಗೆ ಬಚ್ಚಿಟ್ಟಿದ್ದಳು. "ಯಾರಿಗೂ ಹೇಳ್ಬೇಡಿ ಅಣ್ಣ, ನನ್ ಮಗಳ್ನ ಯಾರೂ ಮಾಡ್ಕೊಳಲ್ಲ" ಅಂದಳು.

ಆ ಹುಡುಗಿಗೆ ಕಾಯಿಲೆಯೇ ಇಲ್ಲ. ಅವಳು ಬರೀ ವಾಹಕಿ. ಈ ವ್ಯತ್ಯಾಸವನ್ನು ಆ ತಾಯಿಗೆ ಯಾರೂ ಕೂತು ಹೇಳಿರಲಿಲ್ಲ. ರಕ್ತ ತೆಗೆಯೋಕೆ ಸಮಯ ಇತ್ತು, ಮಾತಾಡೋಕೆ ಇರಲಿಲ್ಲ.

ನಾವು ಪರೀಕ್ಷೆಯ ವಿರೋಧಿಗಳಲ್ಲ. ವಿಜ್ಞಾನದ ವಿರೋಧಿಗಳಂತೂ ಅಲ್ಲವೇ ಅಲ್ಲ. ಬಾಬಾಸಾಹೇಬರ ಮಕ್ಕಳು ವಿಜ್ಞಾನಕ್ಕೆ ಹೆದರುವುದಿಲ್ಲ. ಆದರೆ ವಿಜ್ಞಾನದ ಅರ್ಧ ಮಾತನ್ನು ಮಾತ್ರ ನಮ್ಮ ಕೇರಿಗೆ, ಹಾಡಿಗೆ ತಂದು, ಉಳಿದರ್ಧವನ್ನು ಮುಚ್ಚಿಡುವುದನ್ನು ನಾವು ಒಪ್ಪುವುದಿಲ್ಲ. ಆ ಉಳಿದರ್ಧವನ್ನು ಇಲ್ಲಿ ಬಿಚ್ಚಿಡುತ್ತೇವೆ.

ಕಾಯಿಲೆ ಯಾವುದು?

ಸಿಕಲ್ ಸೆಲ್ ಅಂದರೆ ರಕ್ತದ ಕಾಯಿಲೆ. ದುಂಡಗಿರಬೇಕಾದ ಕೆಂಪು ರಕ್ತಕಣ ಕುಡ್ಲಿನ ಹಾಗೆ ಬಾಗುತ್ತದೆ, ಗಟ್ಟಿಯಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ, ಕೀಲು, ಎದೆ, ಹೊಟ್ಟೆ ಎಲ್ಲೆಂದರಲ್ಲಿ ಪ್ರಾಣ ಹೋಗುವ ನೋವು. ರಕ್ತ ಕಮ್ಮಿ, ಕಣ್ಣು ಹಳದಿ, ಮೇಲಿಂದ ಮೇಲೆ ಜ್ವರ. ಇಂಥ ನೋವಿನಲ್ಲಿ ಒದ್ದಾಡುವ ಕೂಲಿಕಾರನನ್ನು "ಕುಡಿದು ಬಂದವ್ನೆ, ನಾಟಕ ಆಡ್ತಾನೆ" ಎಂದು ಆಸ್ಪತ್ರೆ ಬಾಗಿಲಿನಿಂದಲೇ ವಾಪಸು ಕಳಿಸಿದ್ದನ್ನು ನಮ್ಮ ಗೆಳೆಯರು ಕಣ್ಣಾರೆ ಕಂಡಿದ್ದಾರೆ.

ಇದು ಅಂಟುರೋಗ ಅಲ್ಲ. ಪಾಪದ ಫಲ ಅಲ್ಲ. ದೆವ್ವದ ಕಾಟವೂ ಅಲ್ಲ. ಪ್ರತಿಯೊಬ್ಬರಿಗೂ ಅಪ್ಪನಿಂದ ಒಂದು, ಅವ್ವನಿಂದ ಒಂದು ವಂಶವಾಹಿ ಬರುತ್ತದೆ. ಎರಡೂ ಸಿಕಲ್ ಆದರೆ ಕಾಯಿಲೆ. ಒಂದೇ ಆದರೆ ವಾಹಕ. ವಾಹಕ ದುಡಿಯುತ್ತಾನೆ, ಓಡುತ್ತಾನೆ, ಸಾಮಾನ್ಯವಾಗಿ ಎಲ್ಲರ ಹಾಗೇ ಬಾಳುತ್ತಾನೆ. ಅಪ್ಪ ಅವ್ವ ಇಬ್ಬರೂ ವಾಹಕರಾದರೆ ಮಾತ್ರ ಪ್ರತಿ ಬಸಿರಿನಲ್ಲೂ 4ರಲ್ಲಿ 1 ಸಂಭವ. ಪ್ರತಿ ಬಸಿರಿನಲ್ಲೂ ಎಂಬುದನ್ನು ಗಮನಿಸಿ. "ಒಂದು ಮಗೂಗೆ ಬಂತಲ್ಲ, ಇನ್ನು ಮೂರಕ್ಕೆ ಬರಲ್ಲ" ಎಂಬುದು ಸುಳ್ಳು. ಚೌಕಾಬಾರದ ಕವಡೆಗೆ ಹಿಂದಿನ ಗರ ನೆನಪಿರುವುದಿಲ್ಲ. ಇನ್ನೊಂದು ಮಾತು: ಅಪ್ಪನದೂ ಇಲ್ಲದೆ ಈ ಕಾಯಿಲೆ ಬರುವುದಿಲ್ಲ. ಸೊಸೆಯ ಮೇಲೆ ಗೂಬೆ ಕೂರಿಸುವ ಮನೆಗಳು ಇದನ್ನು ನೆನಪಿಟ್ಟುಕೊಳ್ಳಲಿ.

ಗಿರಿಜನರ ಕಾಯಿಲೆ ಎಂಬ ಬೋರ್ಡು

ನಮ್ಮ ದೇಶದಲ್ಲಿ ಇದನ್ನು ಮೊದಲು ಕಂಡದ್ದು 1952ರಲ್ಲಿ, ನಮ್ಮ ಚಾಮರಾಜನಗರದ ಪಕ್ಕದ ನೀಲಗಿರಿಯ ಬುಡಕಟ್ಟು ಜನರಲ್ಲಿ. ಆವತ್ತಿನಿಂದ "ಗಿರಿಜನರ ಕಾಯಿಲೆ" ಎಂಬ ಬೋರ್ಡು ನೇತುಹಾಕಿದರು. ಜೇನುಕುರುಬರಲ್ಲಿ, ಸೋಲಿಗರಲ್ಲಿ ಇದು ಇದೆ, ನಿಜ. ಆದರೆ ವಿದರ್ಭದ ಮಹಾರರಲ್ಲೂ ಇದೆ, ಅಲ್ಲಿನ ಹಿಂದುಳಿದ ಜಾತಿಗಳಲ್ಲೂ ಇದೆ. ಆಫ್ರಿಕಾದಲ್ಲಿದೆ, ಅರಬರಲ್ಲಿದೆ, ಬಿಳಿಯರ ಗ್ರೀಸ್ ದೇಶದಲ್ಲೂ ಇದೆ.

ಯಾಕೆ? ಅಲ್ಲೆಲ್ಲ ಮಲೇರಿಯಾ ಇತ್ತು. ಇಂಥ ರಕ್ತದ ವಂಶವಾಹಿಗಳು ಮಲೇರಿಯಾದಿಂದ ಕಾಯಬಹುದು ಎಂದು 1949ರಲ್ಲೇ ಊಹಿಸಿದವರು ಹಾಲ್ಡೇನ್. ಇವರು ಇಂಗ್ಲೆಂಡು ಬಿಟ್ಟು 1957ರಲ್ಲಿ ಭಾರತಕ್ಕೆ ಬಂದು, 1964ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡವರು. ಸಿಕಲ್ ಸೆಲ್ಲಿನ ವಾಹಕರಿಗೆ ಮಲೇರಿಯಾ ಅಷ್ಟಾಗಿ ತಗಲುವುದಿಲ್ಲ ಎಂದು 1954ರಲ್ಲಿ ಆಲಿಸನ್ ಆಫ್ರಿಕಾದಲ್ಲಿ ತೋರಿಸಿದರು. ಅಂದರೆ ಈ ವಂಶವಾಹಿ ನಮ್ಮ ಹಿರೀಕರನ್ನು ಸೊಳ್ಳೆಯಿಂದ ಕಾಪಾಡಿದ್ದು. ಕಾಡಿನ ಜ್ವರದಲ್ಲಿ ಸಾಯದೆ ಉಳಿದವರ ಗುರುತು ಇದು, ಕೀಳು ರಕ್ತದ ಗುರುತಲ್ಲ. ಸೊಳ್ಳೆ ಯಾರ ಜಾತಿ ಸರ್ಟಿಫಿಕೇಟನ್ನೂ ಕೇಳಿ ಕಚ್ಚುವುದಿಲ್ಲ.

ಜಾತಿಗೊಂದು ಅಂಕಿ ಕೊಡುತ್ತಾರೆ. ಇಂಥ ಜಾತಿಯಲ್ಲಿ ಹತ್ತಕ್ಕೆ ಒಬ್ಬ ವಾಹಕ, ಇಂಥದರಲ್ಲಿ ಇಪ್ಪತ್ತಕ್ಕೆ ಒಬ್ಬ ಅಂತ. ಅಂಕಿ ಸುಳ್ಳಲ್ಲ. ಎಲ್ಲಿ ಮೊದಲು ಹುಡುಕಬೇಕು, ಎಲ್ಲಿಗೆ ಎಷ್ಟು ಔಷಧಿ ಕಳಿಸಬೇಕು ಎಂದು ತಿಳಿಯಲು ಅದು ಬೇಕು. ಆದರೆ ಒಬ್ಬ ಮನುಷ್ಯನ ವಿಷಯದಲ್ಲಿ ಆ ಅಂಕಿಗೆ ಎಲ್ಲೀವರೆಗೆ ಬೆಲೆ? ಅವನ ರಕ್ತ ಪರೀಕ್ಷೆ ಆಗುವವರೆಗೆ ಮಾತ್ರ. ಅವನು ವಾಹಕನಲ್ಲ ಎಂದು ಸರಿಯಾದ ಪರೀಕ್ಷೆಯಲ್ಲಿ ತಿಳಿದ ಮೇಲೆ, ಅವನ ಜಾತಿಯ ಅಂಕಿ ಎಷ್ಟಿದ್ದರೂ ಅವನಿಗೇನು? ಜಾತಿ ನೋಡಿ ಮಾಡುವುದು ಊಹೆ, ರಕ್ತ ನೋಡಿ ತಿಳಿಯುವುದು ಸತ್ಯ. ಸತ್ಯ ಕೈಗೆ ಬಂದ ಮೇಲೂ ಊಹೆಯನ್ನೇ ಹಿಡಿದು "ನೀವು ಆ ಜನ ಅಲ್ವೆ?" ಎನ್ನುವವನಿಗೆ ಬೇಕಿರುವುದು ಜಾತಿ, ವೈದ್ಯ ಅಲ್ಲ. ಇನ್ನು "ಗಿರಿಜನರ ಕಾಯಿಲೆ" ಎಂಬ ಬೋರ್ಡು ನೋಡಿ ನೋಡಿ ಕಣ್ಣು ಪಳಗಿದ ಡಾಕ್ಟರಿಗೆ, ಕೇರಿಯ ಮಗು ಕೀಲುನೋವು ಅಂತ ಬಂದಾಗ ಈ ಕಾಯಿಲೆ ಹೊಳೆಯುವುದೇ ಇಲ್ಲ. ಬೋರ್ಡು ಎರಡೂ ಕಡೆ ಕೊಲ್ಲುತ್ತದೆ.

ಲೆಕ್ಕ ನಾವೇ ಹಾಕೋಣ

ಅಪಾಯದ ಲೆಕ್ಕ ಅಂದರೆ ದೊಡ್ಡವರ ಮಂತ್ರ ಅಲ್ಲ, ಗುಣಾಕಾರ ಬಂದರೆ ಸಾಕು. ಹತ್ತಕ್ಕೊಬ್ಬ ವಾಹಕ ಇರುವ ಕಡೆ ಪರೀಕ್ಷೆ ಆಗದ ಗಂಡು ಹೆಣ್ಣು ಮದುವೆಯಾದರೆ, ಇಬ್ಬರೂ ವಾಹಕರಾಗುವ ಸಂಭವ 100ರಲ್ಲಿ 1. ಮಗುವಿಗೆ ಕಾಯಿಲೆ ಬರುವ ಸಂಭವ 400ರಲ್ಲಿ 1. ಹೆಣ್ಣು ವಾಹಕಿ ಅಂತ ಗೊತ್ತು, ಗಂಡಿನದು ಗೊತ್ತಿಲ್ಲ: 40ರಲ್ಲಿ 1. ಕಾಯಿಲೆ ಇರುವವನ ತಂಗಿ, ಅವಳಿಗೆ ಕಾಯಿಲೆ ಇಲ್ಲ: ಅವಳು ವಾಹಕಿ ಆಗಿರುವ ಸಂಭವ 3ರಲ್ಲಿ 2, ಅದೇ ಜನದೊಳಗೆ ಮದುವೆಯಾದರೆ ಮಗುವಿಗೆ 60ರಲ್ಲಿ 1. ಗಂಡಿನ ರಕ್ತದಲ್ಲಿ ಸಿಕಲ್ಲೂ ಇಲ್ಲ, ಥಲಸೇಮಿಯಾವೂ ಇಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾದರೆ: ಭಯವೇ ಇಲ್ಲ.

ಥಲಸೇಮಿಯಾ ಯಾಕೆ ಬಂತು ಅಂತೀರಾ? ಒಬ್ಬರು ಸಿಕಲ್ ವಾಹಕ, ಇನ್ನೊಬ್ಬರು ಬೀಟಾ ಥಲಸೇಮಿಯಾ ವಾಹಕ ಆದರೂ ಮಗುವಿಗೆ ಸಿಕಲ್ ಕಾಯಿಲೆ ಬರಬಹುದು. ಶಿಬಿರದಲ್ಲಿ ಮಾಡುವ ಅಗ್ಗದ ಕರಗುವಿಕೆ ಪರೀಕ್ಷೆಗೆ ಥಲಸೇಮಿಯಾ ಕಾಣುವುದಿಲ್ಲ. ವಾಹಕ ಯಾರು ರೋಗಿ ಯಾರು ಎಂಬುದೂ ಅದಕ್ಕೆ ತಿಳಿಯುವುದಿಲ್ಲ. ಮೇಲೆ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೋಫೊರೆಸಿಸ್ ಪರೀಕ್ಷೆ ಮಾಡಲೇಬೇಕು. ಅದನ್ನು ಮಾಡದೆ ಹುಡುಗಿಯ ಕೈಗೆ ಕಾರ್ಡು ಕೊಡುವುದು ಅವಳ ಬಾಳಿನ ಜೊತೆ ಚೆಲ್ಲಾಟ.

ಗೋಡೆಯ ಲೆಕ್ಕ

ಈಗ ಮುಚ್ಚಿಟ್ಟ ಅರ್ಧಕ್ಕೆ ಬರೋಣ. ನಮ್ಮ ರಾಮಾನುಜನ್ ಅವರನ್ನು ಇಂಗ್ಲೆಂಡಿಗೆ ಕರೆಸಿಕೊಂಡ ಗಣಿತಜ್ಞ ಹಾರ್ಡಿ, ಜರ್ಮನಿಯ ವೈದ್ಯ ವೈನ್‌ಬರ್ಗ್, ಇವರಿಬ್ಬರೂ 1908ರಲ್ಲಿ ಬೇರೆಬೇರೆಯಾಗಿ ಒಂದು ನಿಯಮ ಕಂಡುಕೊಂಡರು. ಒಂದು ಜನಸಮುದಾಯದಲ್ಲಿ ನೂರಕ್ಕೆ ಎಷ್ಟು ವಂಶವಾಹಿ ಇಂಥದು ಎಂದು ಗೊತ್ತಿದ್ದರೆ, ಎಷ್ಟು ಮಕ್ಕಳಿಗೆ ಕಾಯಿಲೆ ಬರಬಹುದು ಎಂದು ಹೇಳುವ ನಿಯಮ. ಆದರೆ ಒಂದು ಷರತ್ತು. ಮದುವೆಗೆ ಗೋಡೆ ಇಲ್ಲದ ಸಮಾಜಕ್ಕೆ ಮಾತ್ರ ಅದು ಅನ್ವಯ. ನಮ್ಮ ದೇಶಕ್ಕೆ ಅನ್ವಯಿಸಲು ಹೋದರೆ ನಿಯಮ ಮುರಿಯುತ್ತದೆ. ಯಾಕೆಂದರೆ ಇಲ್ಲಿ ಮೆಟ್ಟಿಲು ಮೆಟ್ಟಿಲಿಗೂ ಗೋಡೆ.

ಒಂದು ತಾಲ್ಲೂಕಿನಲ್ಲಿ ಎರಡೇ ಜಾತಿ ಅಂತಿಟ್ಟುಕೊಳ್ಳಿ. ಎರಡರಲ್ಲೂ ಹತ್ತತ್ತು ಸಾವಿರ ಮಕ್ಕಳು ಹುಟ್ಟುತ್ತವೆ. ಮೊದಲನೆಯದರಲ್ಲಿ ನೂರು ವಂಶವಾಹಿಗೆ 10 ಸಿಕಲ್, ಎರಡನೆಯದರಲ್ಲಿ ಒಂದೂ ಇಲ್ಲ. ನಡುವೆ ಗೋಡೆ ಇದ್ದರೆ ಮೊದಲ ಜಾತಿಯಲ್ಲಿ 100 ಮಕ್ಕಳಿಗೆ ಕಾಯಿಲೆ. ಗೋಡೆ ಬಿದ್ದು ಒಬ್ಬರಿಗೊಬ್ಬರು ಹೆಣ್ಣು ಕೊಟ್ಟು ತಂದುಕೊಂಡು ಒಂದಾದರೆ, ನೂರಕ್ಕೆ 5 ಆಗುತ್ತದೆ. ಇಪ್ಪತ್ತು ಸಾವಿರ ಮಕ್ಕಳಲ್ಲಿ ಕಾಯಿಲೆ 50ಕ್ಕೆ. ವಂಶವಾಹಿ ಎಲ್ಲಿಗೂ ಓಡಿಹೋಗಲಿಲ್ಲ. ವಾಹಕರು 1,800 ಇದ್ದವರು 1,900 ಆದರು, ಅವರಿಗೆ ಕಾಯಿಲೆ ಇಲ್ಲ. ಒಂದು ಮಾತ್ರೆ ನುಂಗದೆ ಕಾಯಿಲೆ ಅರ್ಧಕ್ಕೆ ಇಳಿಯಿತು. ಹಾಗಾದರೆ ಆ 50 ಮಕ್ಕಳ ನೋವು ಯಾರ ಲೆಕ್ಕಕ್ಕೆ? ದೇವರ ಲೆಕ್ಕಕ್ಕಲ್ಲ, ಹಣೆಬರಹದ ಲೆಕ್ಕಕ್ಕಲ್ಲ. ಗೋಡೆ ಕಟ್ಟಿದವರ ಲೆಕ್ಕಕ್ಕೆ!

ಇದನ್ನು ಬಾಬಾಸಾಹೇಬರು ಯಾವ ಸೂಕ್ಷ್ಮದರ್ಶಕವೂ ಇಲ್ಲದೆ ಕಂಡಿದ್ದರು. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, 25 ವರ್ಷದ ಹುಡುಗ, ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಜಾತಿಯ ಮೂಲ ಲಕ್ಷಣ ಮುಟ್ಟು-ಮೈಲಿಗೆಯಲ್ಲ, ತನ್ನೊಳಗೇ ಮದುವೆಯಾಗುವ ಕಟ್ಟಳೆ ಎಂದರು. ಸತಿ, ವಿಧವೆಯ ಬಲವಂತದ ವೈಧವ್ಯ, ಬಾಲ್ಯವಿವಾಹ ಎಲ್ಲ ಆ ಕಟ್ಟಳೆಯನ್ನು ಕಾಯುವ ಬೇಲಿಗಳು ಎಂದು ತೋರಿಸಿದರು. ನೂರು ವರ್ಷ ಕಳೆದ ಮೇಲೆ ವಿಜ್ಞಾನ ಅಲ್ಲಿಗೇ ಬಂದು ನಿಂತಿದೆ. ಈ ದೇಶದ ಬಹುತೇಕ ಎಲ್ಲ ಜನ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನ ಕಾಲದಲ್ಲಿ ಒಬ್ಬರಲ್ಲೊಬ್ಬರು ಬೆರೆತವರು, ಆಮೇಲೆ ಬೆರೆಯುವುದು ನಿಂತಿತು ಎಂದು 2013ರ ಅಧ್ಯಯನ ಹೇಳಿತು. ಸುಮಾರು 70 ತಲೆಮಾರಿನ ಹಿಂದೆ, ಗುಪ್ತರ ಕಾಲದ ಹೊತ್ತಿಗೆ, ಮೇಲ್ಜಾತಿಗಳು ಬಾಗಿಲು ಹಾಕಿಕೊಂಡವು ಎಂದು 2016ರಲ್ಲಿ ಕಲ್ಯಾಣಿಯ ವಿಜ್ಞಾನಿಗಳು ಬರೆದರು.

ಅಂದರೆ "ಅನಾದಿಕಾಲದಿಂದ ನಮ್ಮದು ಶುದ್ಧ ರಕ್ತ" ಎಂದು ಜನಿವಾರ ತಿರುವುವವರ ರಕ್ತದಲ್ಲೂ ನಮ್ಮ ಹಿರೀಕರೇ ಇದ್ದಾರೆ. ಅವರಿಗೆ ಇಷ್ಟವಿಲ್ಲದಿದ್ದರೂ ನಾವು ಅವರ ನೆಂಟರು.

ಶುದ್ಧ ರಕ್ತಕ್ಕೆ ಏನು ಸಿಕ್ಕಿತು? 2017ರಲ್ಲಿ ಹೈದರಾಬಾದಿನ ಮತ್ತು ಅಮೆರಿಕದ ವಿಜ್ಞಾನಿಗಳು ದಕ್ಷಿಣ ಏಷ್ಯಾದ 260ಕ್ಕೂ ಹೆಚ್ಚು ಸಮುದಾಯಗಳನ್ನು ನೋಡಿದರು. ಕೆಲವೇ ಪೂರ್ವಜರಿಂದ ಬೆಳೆದು ತಮ್ಮೊಳಗೇ ಮದುವೆಯಾದದ್ದರಿಂದ ಅನುವಂಶೀಯ ಕಾಯಿಲೆಗೆ ಹೆಸರಾದ ಜನ ಫಿನ್ಲೆಂಡಿನವರು ಮತ್ತು ಅಶ್ಕೆನಾಜಿ ಯಹೂದಿಗಳು. 81 ಸಮುದಾಯಗಳಲ್ಲಿ ಆ ಗುರುತು ಅವರಿಗಿಂತಲೂ ಗಾಢವಾಗಿತ್ತು. ಅವುಗಳಲ್ಲಿ 14 ಹತ್ತು ಲಕ್ಷಕ್ಕಿಂತ ದೊಡ್ಡವು. ಆಂಧ್ರದ ವೈಶ್ಯರಲ್ಲಿ ಒಂದು ಕಿಣ್ವದ ಕೊರತೆ ಬೇರೆಯವರಿಗಿಂತ ಸುಮಾರು ನೂರು ಪಟ್ಟು ಹೆಚ್ಚು. ಆಪರೇಷನ್ನಿಗೆ ಕೊಡುವ ಒಂದು ಔಷಧಿಯಿಂದ ಅಂಥವರ ಮೈ ತಾಸುಗಟ್ಟಲೆ ಸ್ತಬ್ಧವಾಗುತ್ತದೆ, ಉಸಿರೂ ಆಡುವುದಿಲ್ಲ. ನಾವು ಇದನ್ನು ನೋಡಿ ನಗುವುದಿಲ್ಲ. ಅವರ ಮಕ್ಕಳೂ ಮಕ್ಕಳೇ. ಗೋಡೆ ಆಚೆಯವರನ್ನು ಹಸಿವಿನಲ್ಲಿ ಕೊಂದರೆ, ಒಳಗಿನವರನ್ನೂ ಸುಮ್ಮನೆ ಬಿಡುವುದಿಲ್ಲ ಅಂತ ಮಾತ್ರ ಹೇಳುತ್ತೇವೆ.

ನಿರ್ಮೂಲನೆ: ಯಾವುದರದು?

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಪ್ರಧಾನಿಯವರು ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಶುರುಮಾಡಿದರು. 17 ರಾಜ್ಯ, ಅದರಲ್ಲಿ ಕರ್ನಾಟಕವೂ ಒಂದು. 40 ವರ್ಷದೊಳಗಿನ 7 ಕೋಟಿ ಜನರ ರಕ್ತಪರೀಕ್ಷೆ, 2047ರೊಳಗೆ ನಿರ್ಮೂಲನೆ. ಹುಡುಕುವುದು ಒಳ್ಳೆಯದೇ. ಎಷ್ಟೋ ವರ್ಷ ನಮ್ಮವರ ನೋವಿಗೆ ಹೆಸರೇ ಇರಲಿಲ್ಲ. ಆದರೆ "ನಿರ್ಮೂಲನೆ" ಎಂಬ ಮಾತಿಗೆ ಒಂದು ಇತಿಹಾಸ ಇದೆ. 1933ರಲ್ಲಿ ಹಿಟ್ಲರ್ ಅನುವಂಶೀಯ ಕಾಯಿಲೆಯ ಹೆಸರಲ್ಲಿ ಕಾನೂನು ಮಾಡಿ ಸುಮಾರು 4 ಲಕ್ಷ ಜನರ ಸಂತಾನಶಕ್ತಿ ಕತ್ತರಿಸಿದ. ನಮ್ಮಲ್ಲೇ ತುರ್ತುಪರಿಸ್ಥಿತಿಯಲ್ಲಿ, 1976-77ರ ಒಂದೇ ವರ್ಷದಲ್ಲಿ 80 ಲಕ್ಷಕ್ಕೂ ಹೆಚ್ಚು ಆಪರೇಷನ್ ಆದವು. ಹಿಡಿದು ತಂದದ್ದು ಯಾರನ್ನು? ಬಡವರನ್ನು.

ಅಮೆರಿಕದ ಕಪ್ಪು ಜನ ಈ ದಾರಿಯಲ್ಲಿ ನಮಗಿಂತ ಮುಂಚೆ ನಡೆದವರು. 1972ರಲ್ಲಿ ಬೊಂಬಾಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಯಾರ ಹೆಸರಿಟ್ಟುಕೊಂಡಿತೋ ಆ ಬ್ಲ್ಯಾಕ್ ಪ್ಯಾಂಥರ್ಸ್, 1971ರಲ್ಲಿ ತಾವೇ ಬೀದಿಗಿಳಿದು ತಮ್ಮ ಜನಕ್ಕೆ ಬಿಟ್ಟಿಯಾಗಿ ಸಿಕಲ್ ಸೆಲ್ ಪರೀಕ್ಷೆ ಶುರುಮಾಡಿದರು. ಸರ್ಕಾರ ನಾಚಿಕೊಂಡು 1972ರಲ್ಲಿ ಕಾನೂನು ತಂದಿತು. ಆದರೆ ಹಲವು ರಾಜ್ಯಗಳು ಪರೀಕ್ಷೆಯನ್ನು ಕಡ್ಡಾಯ ಮಾಡಿದವು, ವಾಹಕ ಮತ್ತು ರೋಗಿ ಒಂದೇ ಎಂಬ ಹಾಗೆ ಗೊಂದಲ ಎಬ್ಬಿಸಿದವು. ವಾಹಕರಿಗೆ ಕೆಲಸ ಸಿಗಲಿಲ್ಲ, ವಿಮೆ ಸಿಗಲಿಲ್ಲ. ಅಲ್ಲಿನ ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕರನ್ನು ಹೊರಗಿಟ್ಟಿತು. ಒಂದೇ ರಕ್ತಪರೀಕ್ಷೆ. ಪ್ಯಾಂಥರರ ಕೈಯಲ್ಲಿ ಅದು ಹಕ್ಕಾಗಿತ್ತು, ಅಧಿಕಾರದ ಕೈಯಲ್ಲಿ ಮುದ್ರೆಯಾಯಿತು.

ಈಗ ನಮ್ಮ ಸರ್ಕಾರವನ್ನು ಕೇಳುತ್ತೇವೆ. ಜಾತಕ ಕೂಡಿಸುವ ಹಾಗೆ ಕಾರ್ಡು ಕೂಡಿಸಿ ಅಂತೀರಿ. ಗೋಡೆ ದಾಟಿ ಮದುವೆಯಾಗಿ ಅಂತ ಯಾಕೆ ಒಂದು ಮಾತು ಹೇಳುವುದಿಲ್ಲ? 2011-12ರ ಸಮೀಕ್ಷೆಯಲ್ಲಿ ಜಾತಿ ಬಿಟ್ಟು ಮದುವೆಯಾದವರು ನೂರಕ್ಕೆ ಸುಮಾರು 5 ಮಂದಿ. ದಾಟಲು ಹೋದವರ ಗತಿ ಏನು? 1954ರ ವಿಶೇಷ ವಿವಾಹ ಕಾಯ್ದೆಯಲ್ಲಿ ಮದುವೆಯಾಗಲು ಹೋದರೆ, ಹುಡುಗ ಹುಡುಗಿಯ ಹೆಸರು ವಿಳಾಸ ಕಚೇರಿ ಗೋಡೆಗೆ 30 ದಿನ ಅಂಟಿಸುತ್ತೀರಿ. ಯಾರಿಗೆ ಕೊಡುವ ಸುಳಿವು ಅದು? ಮಚ್ಚು ಮಸೆಯುವವರಿಗಾ? ಹೆತ್ತ ಮಗಳ ಕತ್ತು ಹಿಸುಕಿ ಅದಕ್ಕೆ "ಮರ್ಯಾದೆ" ಎಂದು ಹೆಸರಿಡುವ ನಾಡಿನಲ್ಲಿ, ಹಾಡಿಯ ಬಡ ಹುಡುಗಿಯೊಬ್ಬಳ ಕೈಗೆ ಕಾರ್ಡು ಕೊಟ್ಟು ರೋಗ ನಿರ್ಮೂಲನೆಯ ಭಾರವನ್ನೆಲ್ಲ ಅವಳ ತಲೆಗೆ ಹೊರಿಸುತ್ತೀರಿ!

ನಮ್ಮ ಮನೆಯ ಕಸ

ಊರಿನವರನ್ನು ಬೈದು ನಮ್ಮ ಕೇರಿಯ ಕಸ ಮುಚ್ಚಿಡುವ ಜಾಯಮಾನ ನಮ್ಮದಲ್ಲ. ಕರ್ನಾಟಕದಲ್ಲಿ ಇವತ್ತಿಗೂ ನಾಲ್ಕರಲ್ಲಿ ಒಂದರಷ್ಟು ಮದುವೆ ರಕ್ತಸಂಬಂಧದಲ್ಲೇ ನಡೆಯುತ್ತದೆ. ಅಕ್ಕನ ಮಗಳು ತಮ್ಮನಿಗೆ ಅಂತ ತೊಟ್ಟಿಲಲ್ಲೇ ಮಾತಾಗುತ್ತದೆ. ಜಮೀನಿದ್ದವನಿಗೆ ಜಮೀನು ಆಚೆ ಹೋಗಬಾರದು. ಇಲ್ಲದವನಿಗೆ ವರದಕ್ಷಿಣೆ ಖರ್ಚು ತಪ್ಪಬೇಕು. ಕಾರಣ ಅರ್ಥವಾಗುತ್ತದೆ. ಆದರೆ ಲೆಕ್ಕಕ್ಕೆ ಕರುಣೆ ಇಲ್ಲ. ನೂರು ವಂಶವಾಹಿಗೆ ಒಂದು ದೋಷ ಇರುವ ಅಪರೂಪದ ಕಾಯಿಲೆ ಒಂದನ್ನು ತಗೊಳ್ಳಿ. ಸಂಬಂಧವಿಲ್ಲದವರು ಮದುವೆಯಾದರೆ ಹತ್ತು ಸಾವಿರ ಮಕ್ಕಳಲ್ಲಿ 1ಕ್ಕೆ ಬರುತ್ತದೆ. ಅತ್ತೆಯ ಮಕ್ಕಳು, ಮಾವನ ಮಕ್ಕಳು ಆದರೆ 7ಕ್ಕೆ. ಸೋದರಮಾವ, ಅಕ್ಕನ ಮಗಳು ಆದರೆ 13ಕ್ಕೆ. ಹೆಚ್ಚಿನ ಮಕ್ಕಳು ಚೆನ್ನಾಗೇ ಹುಟ್ಟುತ್ತವೆ, ಹಾಗೆ ಮದುವೆಯಾದವರು ಹೆದರಿ ಸಾಯಬೇಕಿಲ್ಲ. ಆದರೆ ಮುಂದಿನ ಮದುವೆಯ ಮಾತಾಡುವಾಗ ಈ ಅಂಕಿ ನೆನಪಿರಲಿ.

ಇನ್ನೂ ಒಂದು. ಎಡಗೈ ಬಲಗೈ ಅಂತ ನಾವೇ ಒಬ್ಬರ ಮನೆಗೊಬ್ಬರು ಹೆಣ್ಣು ಕೊಡುವುದಿಲ್ಲವಲ್ಲ, ಅದ್ಯಾವ ಮನುಸ್ಮೃತಿ ಓದಿ ಕಲಿತದ್ದು? ವೇದಿಕೆ ಮೇಲೆ ಜಾತಿನಾಶ, ಮದುವೆ ಮನೆಯಲ್ಲಿ "ನಮ್ಮೋರೇ ಆಗ್ಬೇಕು". ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದು 1936ರಲ್ಲಿ ಬಾಬಾಸಾಹೇಬರು ಬರೆದರು. ಆ ಭಾಷಣ ಮಾಡಲು ಕರೆದವರೇ ಹೆದರಿ ಸಭೆ ರದ್ದುಮಾಡಿದರು, ಅವರು ತಮ್ಮ ಕೈಯಿಂದ ಅಚ್ಚು ಹಾಕಿಸಿದರು. ಆ ಪುಸ್ತಕ ನಮ್ಮ ಮನೆಯ ಗೂಡಿನಲ್ಲಿ ಪಟದ ಕೆಳಗೆ ಇದ್ದರೆ ಸಾಲದು.

ನಾವು ಕೇಳುವುದು

1. ಪರೀಕ್ಷೆ ಹಕ್ಕಾಗಲಿ, ಬಲವಂತ ಬೇಡ. ಫಲಿತಾಂಶ ಆ ವ್ಯಕ್ತಿಗೆ ಮಾತ್ರ. ಶಾಲೆಗೆ, ಧಣಿಗೆ, ಪಂಚಾಯಿತಿಗೆ ಹೋಗಕೂಡದು.

2. ಕಾರ್ಡು ಕೊಡುವ ಮುಂಚೆ ಅವರ ಮಾತಿನಲ್ಲೇ ಕೂತು ವಿವರಿಸಲಿ. ಹಾಡಿಯ ವಿದ್ಯಾವಂತ ಹುಡುಗ ಹುಡುಗಿಯರಿಗೇ ತರಬೇತಿ ಕೊಟ್ಟು ಸಂಬಳ ಕೊಡಲಿ.

3. ಖಚಿತ ಪರೀಕ್ಷೆ, ಥಲಸೇಮಿಯಾ ಸಮೇತ, ಆಗದೆ ಯಾರಿಗೂ ಹಣೆಪಟ್ಟಿ ಬೇಡ.

4. ಹೈಡ್ರಾಕ್ಸಿಯೂರಿಯಾ ಮಾತ್ರೆ, ನೋವಿನ ಔಷಧಿ, ಮಕ್ಕಳಿಗೆ ಪೆನಿಸಿಲಿನ್ ಮತ್ತು ಲಸಿಕೆ, ತುರ್ತಿಗೆ ರಕ್ತ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಲಿ. ಔಷಧಿ ಇಲ್ಲದೆ ಕಾರ್ಡು ಮಾತ್ರ ಕೊಡುವುದು ಅನ್ನ ಇಲ್ಲದೆ ಎಲೆ ಹಾಕಿದ ಹಾಗೆ.

5. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಿಕಲ್ ಸೆಲ್ಲನ್ನು ಪಟ್ಟಿಗೆ ಸೇರಿಸಿತು, ಆದರೆ ನೌಕರಿಯ 4 ಪರ್ಸೆಂಟ್ ಮೀಸಲಾತಿಯಿಂದ ಹೊರಗಿಟ್ಟಿತು. ಅದರೊಳಗೂ ಸೇರಿಸಲಿ.

6. ಅಂತರ್ಜಾತಿ ಮದುವೆಯಾಗುವವರಿಗೆ 30 ದಿನದ ನೋಟೀಸು ರದ್ದಾಗಲಿ, ರಕ್ಷಣೆ ಸಿಗಲಿ.

ಇಷ್ಟು ಮಾಡಿ, ಆಮೇಲೆ ನಿರ್ಮೂಲನೆಯ ಮಾತಾಡಿ. ನಿರ್ಮೂಲನೆ ಆಗಬೇಕಾದ್ದು ಗೋಡೆ, ಗೋಡೆಯ ಒಳಗೆ ನರಳುವವರಲ್ಲ.

ನಾವು ಆ ಹಾಡಿಗೆ ಮತ್ತೆ ಹೋಗುತ್ತೇವೆ. ಈ ಹಾಳೆಯನ್ನು ಆ ತಾಯಿಗೆ ಓದಿ ಹೇಳುತ್ತೇವೆ. ಓದಬಲ್ಲ ನೀವು ಓದಲಾರದ ಹತ್ತು ಜನಕ್ಕೆ ಓದಿ ಹೇಳಿ. ರಾಗಿ ಮಡಕೆಯಲ್ಲಿ ರಾಗಿ ಇರಲಿ. ಕಾರ್ಡು ಹೊರಗೆ ಬರಲಿ. ತಲೆತಗ್ಗಿಸಬೇಕಾದವಳು ಆ ಹುಡುಗಿ ಅಲ್ಲ.

ಜೈ ಭೀಮ್!